ಬಂಡೆಪ್ಪನ ಕಿವಿ ದಾಟಿದ ನಾಟಕ

ಮುಂಬಯಿಯಲ್ಲಿರುವ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದ ಮಂದಿ ನಾಟಕದ ಟಿಕೆಟ್ಟಿಗೆ ಸುಮ್ಮನೆ ದುಡ್ಡು ಬಿಚ್ಚುವವರಲ್ಲ. ಕಲ್ಯಾಣದಿಂದ, ನಾಲಾಸೋಪಾರಾದಿಂದ ಲೋಕಲ್ ಹಿಡಿದು, ವಾರಕ್ಕೊಂದೇ ಸಿಗುವ ಭಾನುವಾರವನ್ನು ಬಲಿಕೊಟ್ಟು, ಮಕ್ಕಳನ್ನು ಎಳೆದುಕೊಂಡು ಮಾಟುಂಗದ ತನಕ ಬಂದು, ಮೂರು ತಾಸು ಬೇಸುರ ಕೇಳಿಕೊಂಡು ಹೋಗಲು ಅವರಿಗೇನು ಹುಚ್ಚೆ? ಆದ್ದರಿಂದ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾವುದೇ ಸಂಗೀತ ನಾಟಕದ ಸುದ್ದಿ ಬಿದ್ದರೂ ಮೊದಲು ಏಳುವ ಪ್ರಶ್ನೆ ಒಂದೇ: ‘ಬಂಡೆಪ್ಪನ ಕಿವಿ ದಾಟೈತೇನು?’ ದಾಟಿದೆ ಎಂದರೆ ಇನ್ನೂರೈವತ್ತು ಟಿಕೆಟ್ ಎರಡು ದಿನದಲ್ಲಿ ಖಾಲಿ. ದಾಟಿಲ್ಲ ಎಂದರೆ ಆ ನಾಟಕದವರು ತಮ್ಮ ಪರದೆ ಮಡಿಚಿಕೊಂಡು ಬೇರೆ ಊರು ನೋಡಿಕೊಳ್ಳಬೇಕು.

ಈ ಬಂಡೆಪ್ಪ ದೊಡ್ಡ ಗವಾಯಿ ಅಂದುಕೊಳ್ಳಬೇಡಿ. ಹಾಡಲು ಬಾಯಿ ತೆರೆದರೆ ಹೆಂಡತಿ ನಾಗವ್ವನೇ ಬಾಗಿಲು ಹಾಕುತ್ತಾಳೆ. ಅವನು ಹಾರ್ಮೋನಿಯಂ ರಿಪೇರಿಯವನು. ಹತ್ತೊಂಬತ್ತನೇ ವಯಸ್ಸಿಗೆ ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯಿಂದ ಒಂದು ನಾಟಕ ಕಂಪನಿಯ ಹಿಂದೆ ಪೆಟ್ಟಿಗೆ ಹೊತ್ತುಕೊಂಡು ಬಂದವನು. ಕಂಪನಿ ಮುಳುಗಿದ ಮೇಲೆ ಬೈಕುಲ್ಲಾದ ಒಂದು ಗಲ್ಲಿಯಲ್ಲಿ, ಕಪಾಟಿನಷ್ಟು ಅಗಲದ ಅಂಗಡಿಯಲ್ಲಿ ಕುಳಿತು ನಲವತ್ತು ವರ್ಷ ಹಾರ್ಮೋನಿಯಂ ಒಳಗಿನ ಹಿತ್ತಾಳೆಯ ಸ್ವರಪಟ್ಟಿಗಳನ್ನು ಕೆರೆದು ಕೆರೆದು ಶ್ರುತಿಗೆ ತಂದವನು. ಇರುವುದು ವಡಾಲದಲ್ಲಿ, ಎರಡು ಕೋಣೆಯ ಮನೆ. ವಯಸ್ಸು ಅರವತ್ತಾರು.

ನಾಟಕವನ್ನು ಪರೀಕ್ಷೆ ಮಾಡುವ ಅವನ ಕ್ರಮ ಆ ಮುಳುಗಿದ ಕಂಪನಿಯ ಮಾಲಕನಿಂದ ಬಂದದ್ದು. ಹೊಸ ನಟ ನಟಿಯರು ಹಾಡಿ ತೋರಿಸುವಾಗ ಆ ಮಾಲಕ ರಂಗದ ಕಡೆ ಬೆನ್ನು ಹಾಕಿ ಕೂರುತ್ತಿದ್ದ. ಮುಖ ನೋಡಿದರೆ ಮರುಳಾಗುತ್ತೀಯ, ಸೀರೆ ನೋಡಿದರೆ ಇನ್ನೂ ಮರುಳಾಗುತ್ತೀಯ, ಕಿವಿಯೊಂದೇ ಲಂಚ ತಿನ್ನುವುದಿಲ್ಲ ಎನ್ನುತ್ತಿದ್ದ. ಬಂಡೆಪ್ಪನೂ ಹಾಗೇ. ತಾಲೀಮಿಗೆ ಕರೆದರೆ ಹೋಗುತ್ತಾನೆ, ಕುರ್ಚಿಯನ್ನು ತಿರುಗಿಸಿ ಹಾಡುವವರಿಗೆ ಬೆನ್ನು ಕೊಟ್ಟು ಕೂರುತ್ತಾನೆ, ಮುಗಿದ ಮೇಲೆ ಎದ್ದು ಒಂದೇ ಮಾತು ಹೇಳುತ್ತಾನೆ: ‘ತಗೋರಿ’ ಇಲ್ಲವೇ ‘ಬ್ಯಾಡ್ರಿ’. ಇಷ್ಟು ವರ್ಷ ಆ ಮಾತಿಗೆ ಎದುರು ಮಾತಿರಲಿಲ್ಲ.

ಈಗ ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ಬಂಡೆಪ್ಪನ ಕಿವಿ ಹೋಗಿ ಎರಡು ವರ್ಷವಾಗಿತ್ತು.

ಪೂರ್ತಿ ಹೋಗಿರಲಿಲ್ಲ. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತಿತ್ತು. ತಬಲಾ ಕೇಳುತ್ತಿತ್ತು, ಗಂಡು ದನಿ ಕೇಳುತ್ತಿತ್ತು. ಆದರೆ ಕುಕ್ಕರಿನ ಸೀಟಿ ಕೇಳದೆ ಎರಡು ಸಲ ಬೇಳೆ ಹತ್ತಿಸಿದ್ದ. ನಾಗವ್ವ ಬೈದಾಗ ಕಿವಿಯಲ್ಲಿ ಗುಗ್ಗೆ ತುಂಬಿದೆ ಎಂದು ತೇಲಿಸಿದ್ದ. ಆಮೇಲೆ ಯಾರಿಗೂ ಹೇಳದೆ ದವಾಖಾನೆಗೆ ಹೋಗಿ ಬಂದ. ಡಾಕ್ಟರು ಒಂದು ಕಾಗದದ ಮೇಲೆ ಇಳಿಜಾರಿನ ಗೆರೆ ತೋರಿಸಿ, ಮೇಲಿನ ಸ್ವರ, ತೆಳ್ಳಗಿನ ದನಿ ಮೊದಲು ಹೋಗುತ್ತವೆ, ಮಷೀನು ಹಾಕಿಕೊಳ್ಳಿ ಎಂದರು. ಬಂಡೆಪ್ಪ ಆ ಕಾಗದವನ್ನು ಅಂಗಡಿಯ ಒಂದು ಮುರಿದ ಪೆಟ್ಟಿಗೆಯೊಳಗೆ ತುರುಕಿ ಮೇಲೆ ಮುಚ್ಚಳ ಹಾಕಿದ. ಕಿವಿಗೆ ಮಷೀನು ಸಿಕ್ಕಿಸಿಕೊಂಡವನ ಕಿವಿಯನ್ನು ಯಾವ ನಾಟಕ ದಾಟಬೇಕು? ರಿಪೇರಿಗೆ ಮೊಬೈಲಿನಲ್ಲಿ ಸ್ವರ ತೋರಿಸುವ ಒಂದು ಆ್ಯಪ್ ಹಾಕಿಕೊಂಡ. ಅದರ ಮುಳ್ಳು ನಡುವೆ ನಿಂತರೆ ಶ್ರುತಿ ಸರಿ. ಕಣ್ಣಿನಿಂದ ಕೇಳುವ ವಿದ್ಯೆ ಕಲಿತ.

ನಾಟಕದ ಪರೀಕ್ಷೆಯಲ್ಲೂ ಅದೇ ವಿದ್ಯೆ ನಡೆಸಿದ. ಬೆನ್ನು ಹಾಕಿ ಕುಳಿತವನಿಗೆ ಎದುರಿಗೆ ಕಾಣುವುದು ಕೇಳುವವರ ಮುಖಗಳು. ಮುಖ ಅರಳಿದರೆ ಹಾಡು ಚೆಂದ, ಮುಖ ಹುಳ್ಳಗಾದರೆ ಹಾಡು ಕೆಟ್ಟಿತು. ಹೋದ ವರ್ಷ ಹಾಗೆಯೇ ಒಂದು ನಾಟಕವನ್ನು ‘ತಗೋರಿ’ ಎಂದ. ಎದುರಿಗೆ ಕುಳಿತು ಮುಖ ಅರಳಿಸಿದವರೆಲ್ಲ ನಾಯಕಿಯ ಅಣ್ಣ ತಮ್ಮ ಅತ್ತಿಗೆಯರು ಎಂಬುದು ಪಾಪ ಅವನಿಗೇನು ಗೊತ್ತು. ಪ್ರದರ್ಶನದ ದಿನ ನಡು ಅಂಕಕ್ಕೆ ಅರ್ಧ ಸಭೆ ಎದ್ದು ಹೋಯಿತು. ‘ಬಂಡೆಪ್ಪಗೂ ವಯಸ್ಸಾತು’ ಎಂದು ಒಬ್ಬಿಬ್ಬರು ಮೆಲ್ಲಗೆ ಅಂದರು. ಅವನಿಗೆ ಅದು ಕೇಳಿಸಲಿಲ್ಲ. ನಾಗವ್ವ ಕೇಳಿಸಿಕೊಂಡಳು.

ಈ ವರ್ಷದ ಪರೀಕ್ಷೆಯ ಭಾನುವಾರ ಬಂತು. ಸಂಘಕ್ಕೆ ಮಾಟುಂಗದ ಒಂದು ಸಭಾಗೃಹದ ತಾರೀಕು ಸಿಕ್ಕಿತ್ತು. ಆ ತಾರೀಕಿಗೆ ಎರಡು ನಾಟಕಗಳು ಕಾಯುತ್ತಿದ್ದವು. ಒಂದು ಊರ ಕಡೆಯ ಹಳೆಯ ಕಂಪನಿಯದು. ಇನ್ನೊಂದು ವಡಾಲದ ಹುಡುಗ ಹುಡುಗಿಯರದು. ಕಚೇರಿ ಮುಗಿಸಿ ಬಂದು ಎಂಟು ತಿಂಗಳು ಕಲಿತು ಕಟ್ಟಿದ್ದು. ಅದರಲ್ಲಿ ಹಾಡುವವಳು ವೈಶಾಲಿ, ಬ್ಯಾಂಕಿನಲ್ಲಿ ಕೆಲಸ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ತಿಲಕ್. ಅವನಿಗೆ ಮುಂದಿನ ತಿಂಗಳು ಸೂರತ್ತಿಗೆ ವರ್ಗವಾಗಿತ್ತು. ಈ ತಾರೀಕು ಸಿಗದಿದ್ದರೆ ಅವರ ನಾಟಕ ಒಂದು ಸಲವೂ ರಂಗ ಕಾಣದೆ ಮುಗಿಯುತ್ತಿತ್ತು. ಆ ಭಾನುವಾರ ಸಂಜೆ ಐದರೊಳಗೆ ನಾಟಕದ ಹೆಸರು ಬರೆದುಕೊಡಿ, ಇಲ್ಲದಿದ್ದರೆ ತಾರೀಕು ಬೇರೆಯವರಿಗೆ ಎಂದು ಸಭಾಗೃಹದವರು ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಹಳೆಯ ಕಂಪನಿಯವರು ಹಾಡಿ ಹೋದರು. ಮೂರು ಮೈಕು, ಎರಡು ಡೋಲು, ಗಂಡಸರ ಗುಡುಗು ದನಿ. ಬಂಡೆಪ್ಪನಿಗೆ ಚೆನ್ನಾಗಿ ಕೇಳಿಸಿತು. ಕೇಳಿಸಿತಲ್ಲ ಎಂಬ ಸಂತೋಷದಲ್ಲೇ ಅರ್ಧ ಮಾರ್ಕು ಕೊಟ್ಟುಬಿಟ್ಟ.

ಮೂರು ಗಂಟೆಗೆ ವೈಶಾಲಿಯ ತಂಡ ಮಾಟುಂಗದಲ್ಲೇ ಇರುವ ಸಂಘದ ಎರಡನೇ ಮಹಡಿಯ ಕೋಣೆಗೆ ಬಂತು. ಮೈಕಿಲ್ಲ, ಡೋಲಿಲ್ಲ. ಒಂದು ಪೇಟಿ, ಒಂದು ತಬಲಾ. ಸಂಘದ ಕಾರ್ಯದರ್ಶಿ ಕಿಶೋರ ಕುರ್ಚಿ ತಂದು ತಾನೇ ತಿರುಗಿಸಿ ಇಟ್ಟ. ಕಮಿಟಿಯ ಹನ್ನೆರಡು ಮಂದಿ ಎದುರಿಗೆ ಕುಳಿತರು. ಗಂಡನ ಗುಳಿಗೆ, ನೀರಿನ ಬಾಟಲಿ ಹಿಡಿದುಕೊಂಡು ನಾಗವ್ವ ಬಾಗಿಲ ಹತ್ತಿರ ಕುಳಿತಳು.

ಬಂಡೆಪ್ಪನಿಗೆ ಹೋದ ವರ್ಷದ ಪೆಟ್ಟು ನೆನಪಿತ್ತು. ಈ ಸಲ ಮುಖ ನೋಡಿ ಮೋಸ ಹೋಗುವುದಿಲ್ಲ ಎಂದು ಹಟ ತೊಟ್ಟು, ಬೆನ್ನು ಹಾಕಿದ್ದು ಸಾಲದು ಅಂತ ಕಣ್ಣನ್ನೂ ಮುಚ್ಚಿದ. ಇದ್ದ ಒಂದು ಕಿಂಡಿಯನ್ನೂ ತಾನೇ ಮುಚ್ಚಿಕೊಂಡ.

ನಾಟಕದ ಕತೆ ಸಣ್ಣದು. ಒಬ್ಬ ತಾಯಿ ರೈಲ್ವೆ ಸ್ಟೇಶನ್ನಿನ ಗದ್ದಲದಲ್ಲಿ ಮಗಳನ್ನು ಕಳೆದುಕೊಳ್ಳುತ್ತಾಳೆ. ಹುಡುಕುತ್ತಾ ಹುಡುಕುತ್ತಾ ವಯಸ್ಸಾಗುತ್ತದೆ. ಮೊದಲ ಹಾಡುಗಳು ಬಂಡೆಪ್ಪನಿಗೆ ಅಲ್ಲಲ್ಲಿ ಸಿಕ್ಕವು, ಅಲ್ಲಲ್ಲಿ ತಪ್ಪಿದವು. ಲಯ ಗಟ್ಟಿ ಇದೆ ಅನಿಸಿತು. ತಿಲಕನ ಪೇಟಿ ತನ್ನ ಅಂಗಡಿಯಲ್ಲೇ ರಿಪೇರಿಯಾದದ್ದು ಎಂದು ದನಿಯಲ್ಲೇ ಗುರುತು ಹತ್ತಿ ಸ್ವಲ್ಪ ಧೈರ್ಯ ಬಂತು. ಕಡೆಯ ಹಾಡು ಶುರುವಾಯಿತು. ತಾಯಿ ಮಗಳ ಹೆಸರು ಹಿಡಿದು ಕೂಗುತ್ತಾಳೆ. ಕೂಗು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು. ಬಂಡೆಪ್ಪ ಅದರ ಹಿಂದೆಯೇ ಏರಿದ. ಇನ್ನೊಂದು ಮೆಟ್ಟಿಲು, ಇನ್ನೊಂದು.

ಒಮ್ಮೆಲೇ ಎಲ್ಲ ನಿಂತಿತು.

ತಬಲಾ ಇಲ್ಲ, ಪೇಟಿ ಇಲ್ಲ, ದನಿ ಇಲ್ಲ. ಬಂಡೆಪ್ಪ ಕಾದ. ಎಷ್ಟು ಹೊತ್ತು! ಹುಡುಗಿಯ ಗಂಟಲು ಮೇಲೆ ಏರಲಾರದೆ ಒಡೆಯಿತು, ನಾಚಿಕೆಯಿಂದ ವಾದ್ಯದವರೂ ಕೈ ಬಿಟ್ಟರು ಎಂದುಕೊಂಡ. ಅವನು ಕಂಪನಿಯಲ್ಲಿ ಇಂಥದ್ದನ್ನು ಎಷ್ಟೋ ಸಲ ಕಂಡಿದ್ದ. ಆಮೇಲೆ ತಬಲಾ ಮತ್ತೆ ಬಂತು, ಹಾಡು ಮುಗಿಯಿತು.

ಬಂಡೆಪ್ಪ ಎದ್ದು ನಿಂತ.

‘ಬ್ಯಾಡ್ರಿ’ ಎಂದ. ‘ಲಯಾ ಚಲೋ ಐತಿ. ಆದ್ರ ತುದಿಗೆ ಹೋಗಿ ಕೈ ಬಿಟ್ಳು. ಮ್ಯಾಲಿನ ಸ್ವರಕ್ಕ ದಮ್ಮಿಲ್ಲ. ಇಂಥಾದಕ್ಕ ಮಂದಿ ಕಲ್ಯಾಣದಿಂದ ಬರಬೇಕೇನು?’

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಆಗಷ್ಟೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದ. ಅವನು ಅಪರಾಧಿಯಂತೆ ಕನ್ನಡಕ ಹಾಕಿಕೊಂಡ. ನಲವತ್ತು ವರ್ಷದ ಕಿವಿ ಅದು. ನಮಗೆ ಚೆಂದ ಕೇಳಿಸಿದ್ದರೆ ನಮ್ಮ ಕಿವಿಯದೇ ತಪ್ಪಿರಬೇಕು ಎಂದು ಹನ್ನೆರಡೂ ಜನ ಒಳಗೊಳಗೇ ಒಪ್ಪಿಕೊಂಡರು. ಇದಕ್ಕಿಂತ ದೊಡ್ಡ ಕಿವುಡು ಇದೆಯೇ ಹೇಳಿ.

ವೈಶಾಲಿ ಮುಂದೆ ಬಂದಳು. ಅವಳು ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ತಡವರಿಸುತ್ತದೆ, ನಡುವೆ ಹಿಂದಿ ಮರಾಠಿ ನುಗ್ಗುತ್ತದೆ. ‘ಅಜ್ಜಾ, ಮತಲಬ್... ಕಹಾಂ ತಪ್ಪಿತು ಹೇಳ್ತೀರಾ? ನಾನು ರೋಜ್ ಪ್ರಾಕ್ಟೀಸ್ ಮಾಡಿದ್ದು ಅದೇ ಜಾಗಾ.’

‘ಎಲ್ಲಿ ಅಂತ ನಿನಗ ಗೊತ್ತಿಲ್ಲಂದ್ರ ನಾ ಏನ್ ಹೇಳ್ಲಿ’ ಎಂದ ಬಂಡೆಪ್ಪ. ಹೇಳಿದ ಮೇಲೆ ಆ ಮಾತು ಅವನಿಗೇ ಒರಟೆನಿಸಿತು.

ನಾಲ್ಕು ಗಂಟೆ ದಾಟಿತ್ತು. ಕಿಶೋರ ಹಳೆಯ ಕಂಪನಿಯ ಹೆಸರು ಬರೆದ ಪತ್ರ ಚೀಲದಲ್ಲಿಟ್ಟುಕೊಂಡು ಸಭಾಗೃಹದ ಕಡೆ ಹೊರಟ.

ಬಂಡೆಪ್ಪ, ನಾಗವ್ವ ಕೆಳಗಿಳಿದು ಎದುರಿನ ಉಡುಪಿ ಹೋಟೆಲಿಗೆ ಹೋಗಿ ಕುಳಿತರು. ಕಾಫಿ ಬಂತು. ನಾಗವ್ವ ಮುಟ್ಟಲಿಲ್ಲ. ನಾಲ್ಕು ಜನರ ಎದುರು ಗಂಡನ ಮಾತಿಗೆ ಅಡ್ಡ ಬಂದವಳಲ್ಲ ಅವಳು. ಇಬ್ಬರೇ ಇದ್ದಾಗ ಬಿಟ್ಟವಳೂ ಅಲ್ಲ. ಅವನಿಗೆ ಕೇಳುವಂತೆ ಮೇಜಿನ ಮೇಲೆ ಬಾಗಿ ಗಟ್ಟಿಯಾಗಿ ಕೇಳಿದಳು.

‘ಏನ್ರೀ, ಆ ಹುಡುಗಿಗೆ ಯಾಕ ಬ್ಯಾಡ ಅಂದ್ರಿ?’

‘ಹೇಳಿದ್ನಲ್ಲ. ತುದಿಗೆ ಹೋಗಿ ಸುಮ್ಮನಾದ್ಳು.’

‘ಸುಮ್ಮನಾದ್ಳು?’ ನಾಗವ್ವ ಅವನನ್ನೇ ನೋಡಿದಳು. ‘ಯಾವಾಗ ಸುಮ್ಮನಾದ್ಳು? ಪೇಟಿ ತಬಲಾ ನಿಲ್ಲಿಸಿ ಅಕಿ ಒಬ್ಬಾಕಿನ ಕೂಗಿದ್ಳಲ್ರೀ, ದಾರದೆಳಿಯಂಗ. ಎಷ್ಟು ಹೊತ್ತು ಹಿಡದ್ಳು! ನಾ ಉಸಿರ ತಗೊಳ್ಳೂದ ಮರತೆ. ನನ್ನ ಕಣ್ಣೀರ ನೋಡ್ರಿ, ಇನ್ನಾ ಸೆರಗ ಹಸೀ ಐತಿ.’

ಬಂಡೆಪ್ಪ ಸೆರಗು ನೋಡಿದ. ಒದ್ದೆಯಾಗಿತ್ತು. ತನ್ನ ಅವ್ವ ಸತ್ತಾಗಲೂ ಜನರ ಎದುರು ಅಳದ ಹೆಂಗಸು ಇವಳು.

ಬಿಸಿ ತುಪ್ಪ ಗಂಟಲಿಗೆ ಸಿಕ್ಕಿದ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಅಷ್ಟು ಹೊತ್ತು ತಾನು ಕಾದಿದ್ದ ಆ ಖಾಲಿಯಲ್ಲಿ ಹಾಡು ಇತ್ತು. ನಾಟಕದ ಜೀವವೇ ಅಲ್ಲಿತ್ತು. ತಿರುಗಿ ನೋಡಿದ್ದರೆ ಬಾಯಾದರೂ ಕಾಣುತ್ತಿತ್ತು; ಬೆನ್ನು ಹಾಕಿದ್ದ. ಕಣ್ಣು ತೆರೆದಿದ್ದರೆ ನಾಗವ್ವನ ಮುಖವಾದರೂ ಕಾಣುತ್ತಿತ್ತು, ಕಣ್ಣು ಮುಚ್ಚಿದ್ದ.

‘ನಾಗವ್ವಾ, ನನಗ ಕೇಳಸಲಿಲ್ಲ’ ಎಂದ.

‘ಗೊತ್ತೈತಿ’ ಎಂದಳು ನಾಗವ್ವ. ‘ಎರಡ ವರ್ಷದಿಂದ ಗೊತ್ತೈತಿ. ನೀವಾಗೇ ಹೇಳಲಿ ಅಂತ ಕಾದೆ. ಆದ್ರ ಇವತ್ತ ಒಂದ ಕೂಸಿನ ಕುತ್ತಿಗಿ ಕೊಯ್ದ ಬಂದ್ರಿ.’

ಗೋಡೆಯ ಗಡಿಯಾರದಲ್ಲಿ ನಾಲ್ಕು ಮೂವತ್ತೈದು. ಬಂಡೆಪ್ಪ ಮೊಬೈಲನ್ನು ಅವಳ ಕೈಗೆ ಕೊಟ್ಟ. ಫೋನಿನೊಳಗಿನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ನಾಗವ್ವ ಕಿಶೋರನಿಗೆ ಹಚ್ಚಿದಳು. ಬಿಜಿ. ಮತ್ತೆ ಹಚ್ಚಿದಳು. ಬಿಜಿ. ಬಂಡೆಪ್ಪ ಎದ್ದು ಸಭಾಗೃಹದ ಕಡೆ ಓಡಿದ.

ಭಾನುವಾರದ ಮಾಟುಂಗದ ಪೇಟೆ. ಹೂವಿನ ಅಂಗಡಿ, ಬಾಳೆಎಲೆಯ ಕಟ್ಟು, ತರಕಾರಿ ಗಾಡಿ. ಅರವತ್ತಾರರ ಮುದುಕ ಧೋತರ ಎತ್ತಿ ಹಿಡಿದು ಓಡುತ್ತಿದ್ದರೆ ಜನ ದಾರಿ ಬಿಟ್ಟರು. ರಸ್ತೆ ದಾಟುವಾಗ ಒಂದು ಟ್ಯಾಕ್ಸಿ ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಎಷ್ಟು ಹೊತ್ತಿನಿಂದ ಹಾರ್ನ್ ಹೊಡೆಯುತ್ತಿದ್ದನೋ, ಹೊರಗೆ ತಲೆ ಹಾಕಿ ಬೈದ. ಬಂಡೆಪ್ಪನಿಗೆ ಅವನ ಬಾಯಿ ಆಡುವುದಷ್ಟೇ ಕಂಡಿತು. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ನಾಗವ್ವ ಎದೆ ಹಿಡಿದುಕೊಂಡು ನಿಂತಳು.

ಸಂಘದ ಕಟ್ಟಡದ ಮೂಲೆಯಲ್ಲಿ ವೈಶಾಲಿ, ತಿಲಕ್ ಪೇಟಿ ತಬಲಾ ಇಟ್ಟುಕೊಂಡು ಗಾಡಿಗೆ ಕಾಯುತ್ತಿದ್ದರು. ಬಂಡೆಪ್ಪ ನಿಲ್ಲಲಿಲ್ಲ. ‘ನನ್ನ ಹಿಂದ ಬರ್ರಿ!’ ಎಂದು ಕೂಗಿ ಮುಂದೆ ಓಡಿದ. ಅವರು ಏನೂ ತಿಳಿಯದೆ ಹಿಂದೆ ಬಂದರು.

ಸಭಾಗೃಹದ ಕಚೇರಿಯಲ್ಲಿ ಕಿಶೋರ ಕಿವಿಗೆ ಫೋನ್ ಒತ್ತಿಕೊಂಡು ಹಳೆಯ ಕಂಪನಿಯವರಿಗೆ ಶುಭ ಸುದ್ದಿ ಹೇಳುತ್ತಿದ್ದ. ಇನ್ನೊಂದು ಕೈಯಲ್ಲಿ ಪೆನ್ನು. ಮೇಜಿನ ಮೇಲೆ ಪತ್ರ. ಇನ್ನೂ ಸಹಿ ಬಿದ್ದಿರಲಿಲ್ಲ. ಬಂಡೆಪ್ಪ ಪತ್ರದ ಮೇಲೆ ಅಂಗೈ ಊರಿ ನಿಂತ.

‘ಕಾಕಾ, ಏನಾತು?’ ಕಿಶೋರ ಫೋನ್ ಇಳಿಸಿದ.

ಹೇಳಿದರೆ ನಲವತ್ತು ವರ್ಷದ ಹೆಸರು ಹೋಗುತ್ತದೆ. ಸುಮ್ಮನೆ ‘ಮನಸ್ಸು ಬದಲಾತು’ ಎಂದರೂ ನಡೆಯುತ್ತಿತ್ತೇನೋ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆ ಯೋಚನೆ ಅವನಿಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾದೀತು. ಅಷ್ಟರಲ್ಲಿ ವೈಶಾಲಿ ಬಾಗಿಲಲ್ಲಿ ಬಂದು ನಿಂತಳು. ಅತ್ತು ಅವಳ ಮೂಗು ಕೆಂಪಾಗಿತ್ತು.

‘ಕಿಶೋರಾ, ನನ್ನ ಕಿವಿ ಹೋಗ್ಯಾವಪ್ಪಾ’ ಎಂದ ಬಂಡೆಪ್ಪ. ‘ಈ ಹುಡುಗಿ ತಪ್ಪಿಲ್ಲ. ಅಕಿ ಹಾಡಿದ್ದು ನನಗ ಕೇಳಸಲೇ ಇಲ್ಲ. ಕೇಳಸದ್ದಕ್ಕ ಇಲ್ಲ ಅಂದ್ಬಿಟ್ಟೆ.’

ಕಚೇರಿಯ ಗುಮಾಸ್ತ ತಲೆ ಎತ್ತಿದ. ಕಿಶೋರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

‘ಹಂಗಾದ್ರ ಹೋದ ವರ್ಷದ್ದು?’

‘ಹೋದ ವರ್ಷದ್ದೂ. ಅದರ ಹಿಂದಿನ ವರ್ಷದ್ದೂ. ನಿಮ್ಮ ಮಾರಿ ನೋಡಿ ಹೇಳ್ತಿದ್ದೆ.’

‘ಕಾಕಾ!’ ಕಿಶೋರನ ದನಿ ಏರಿತು. ‘ಮಂದಿ ನನ್ನ ಬೈದ್ರು. ಅರ್ಧಾ ಸಭಾ ಎದ್ದು ಹೋತು. ನಿಮ್ಮ ಹೆಸರ ಮ್ಯಾಲೆ ಟಿಕೆಟ್ ಮಾರಿದವ ನಾನು. ಒಂದ ಮಾತು ಹೇಳಾಕ ಏನಾಗಿತ್ತು?’

ಇದು ಬಂಡೆಪ್ಪನಿಗೆ ಚೆನ್ನಾಗಿಯೇ ಕೇಳಿಸಿತು. ತಲೆ ತಗ್ಗಿಸಿ ನಿಂತ. ಆಮೇಲೆ ಕೇಳಿದ: ‘ನೀ ಹೇಳು. ನಿನಗ ಆ ಹಾಡು ಹೆಂಗ ಅನಿಸ್ತು?’

ಕಿಶೋರ ಪೆನ್ನಿನ ಮುಚ್ಚಳ ತಿರುವುತ್ತ ನಿಂತ. ‘ಮೈ ಜುಮ್ ಅಂತು’ ಎಂದ ಕಡೆಗೆ. ‘ಆದ್ರ ನೀವು ಬ್ಯಾಡ ಅಂದ ಮ್ಯಾಲೆ...’

‘ಇನ್ ಮ್ಯಾಲೆ ನಾ ಅನ್ನೂದು ಮುಗೀತು. ನಿಮ್ಮ ನಿಮ್ಮ ಕಿವಿಯಿಂದ ಕೇಳ್ರಿ.’

ಗುಮಾಸ್ತ ಗಡಿಯಾರ ತೋರಿಸಿದ. ಐದಕ್ಕೆ ಎಂಟು ನಿಮಿಷ. ಕಿಶೋರ ಪತ್ರವನ್ನು ಹರಿದು ಹೊಸ ಹಾಳೆ ಕೇಳಿದ. ಬರೆದು, ಸಹಿ ಹಾಕಿ, ಹಳೆಯ ಕಂಪನಿಯವರಿಂದ ಬೈಸಿಕೊಳ್ಳಲು ಫೋನ್ ಹಿಡಿದು ಹೊರಗೆ ಹೋದ. ಹೋಗುವಾಗ ಬಂಡೆಪ್ಪನ ಮುಖ ನೋಡಲಿಲ್ಲ.

ವೈಶಾಲಿ ಹತ್ತಿರ ಬಂದಳು. ಬಗ್ಗಿ, ಅವನ ಬಲಗಿವಿಯ ಹತ್ತಿರ, ನಿಧಾನವಾಗಿ ಹೇಳಿದಳು: ‘ಅಜ್ಜಾ, ನಾನು ಎರಡು ಪಟ್ಟಿ ಕೆಳಗಿನ ಶ್ರುತಿಯಲ್ಲಿ ಹಾಡ್ತೀನಿ. ಜೋರಾಗಿ ಹಾಡ್ತೀನಿ. ತುಮ್ಹಾಲಾ ಪಣ್... ನಿಮಗೂ ಕೇಳಬೇಕು.’

ಬಂಡೆಪ್ಪನಿಗೆ ಸಿಟ್ಟೇ ಬಂತು. ‘ಹುಚ್ಚಿ! ನಾಟಕಾ ನನ್ನ ಕಿವಿಗಲ್ಲ. ಒಂದ ಪಟ್ಟಿ ಇಳಿಸಿದೀ ಅಂದ್ರ ತಿಲಕನ ಪೇಟಿ ವಾಪಸ್ ಇಸಗೊಂಡ ಹೋಗ್ತೀನಿ, ನೋಡು.’ ಆಮೇಲೆ ಅವಳ ತಲೆಯ ಮೇಲೆ ಕೈ ಇಟ್ಟ. ‘ಮಗಳ, ಮಾಫ್ ಮಾಡವಾ’ ಎಂದ.

ಆ ರಾತ್ರಿ ವಾಟ್ಸಾಪ್ ಗುಂಪಿಗೆ ಅವನೇ ಬರೆಸಿ ಹಾಕಿಸಿದ: ‘ಈ ನಾಟಕ ಬಂಡೆಪ್ಪನ ಕಿವಿ ದಾಟಿಲ್ಲ. ಬಂಡೆಪ್ಪಗ ಕಿವಿ ಇಲ್ಲ. ಇದು ನಾಗವ್ವನ ಕಿವಿ ದಾಟೈತಿ.’ ಕೆಲವರು ನಕ್ಕ ಚಿತ್ರ ಹಾಕಿದರು, ಕೆಲವರು ಕೈ ಮುಗಿದ ಚಿತ್ರ. ಒಬ್ಬ ಹೋದ ವರ್ಷದ ಟಿಕೆಟ್ಟಿನ ಫೋಟೋ ಹಾಕಿದ. ಈ ಸಲ ಎರಡು ದಿನದಲ್ಲಿ ಟಿಕೆಟ್ ಖಾಲಿಯಾಗಲಿಲ್ಲ. ಪ್ರದರ್ಶನದ ದಿನವೂ ಹಿಂದಿನ ಮೂರು ಸಾಲು ಖಾಲಿ ಇದ್ದವು.

ಬಂಡೆಪ್ಪ ಜೀವಮಾನದಲ್ಲಿ ಮೊದಲ ಸಲ ನಾಟಕಕ್ಕೆ ಟಿಕೆಟ್ ತೆಗೆದುಕೊಂಡು, ಎಲ್ಲರ ಹಾಗೆ ರಂಗದ ಕಡೆ ಮುಖ ಮಾಡಿ ಕುಳಿತ. ಪಕ್ಕದಲ್ಲಿ ನಾಗವ್ವ. ಕಿವಿಗೆ ಮಷೀನು ಬಂದಿತ್ತು. ಅದು ಮಾತು ಕೇಳಿಸುತ್ತಿತ್ತು, ಕುರ್ಚಿಯ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು, ಹಿಂದಿನವರು ಚುರುಮುರಿ ತಿನ್ನುವುದನ್ನು ಅತಿಯಾಗಿ ಕೇಳಿಸುತ್ತಿತ್ತು. ಕಡೆಯ ಹಾಡು ಬಂತು. ಕೂಗು ಮೆಟ್ಟಿಲು ಮೆಟ್ಟಿಲಾಗಿ ಏರಿತು. ತಿಲಕ್ ಪೇಟಿಯ ಮೇಲಿಂದ ಕೈ ತೆಗೆದ. ತಬಲಾ ನಿಂತಿತು. ವೈಶಾಲಿಯ ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಮಷೀನು ಆ ಎಳೆಯನ್ನು ಹಿಡಿಯಲಿಲ್ಲ. ಬಂಡೆಪ್ಪನಿಗೆ ಏನೂ ಕೇಳಿಸಲಿಲ್ಲ.

ಆಗ ನಾಗವ್ವ ಅವನ ಮುಂಗೈ ಹಿಡಿದಳು. ಬಿಗಿಯಾಗಿ ಹಿಡಿದಳು, ಬಳೆ ಒತ್ತಿ ನೋಯುವಷ್ಟು. ಬಂಡೆಪ್ಪ ಅಲುಗಾಡಲಿಲ್ಲ. ಎಷ್ಟೋ ಹೊತ್ತಾಯಿತು. ರಂಗದ ಮೇಲೆ ಹುಡುಗಿ ನಿಧಾನವಾಗಿ ತಲೆ ತಗ್ಗಿಸುವುದು ಕಂಡು, ಮುಗಿಯಿತೆಂದು ಚಪ್ಪಾಳೆಗೆ ಕೈ ಎತ್ತಲು ಹೋದ. ನಾಗವ್ವ ಬಿಡಲಿಲ್ಲ. ಅವನ ಕೈಯನ್ನು ಹಾಗೇ ಕೆಳಗೆ ಒತ್ತಿ ಹಿಡಿದು, ಕಿವಿಯ ಹತ್ತಿರ ಬಂದಳು.

‘ತಡೀರಿ’ ಎಂದಳು. ‘ಇನ್ನಾ ಐತಿ.’

ಅವಳು ಕೈ ಸಡಿಲಿಸುವ ತನಕ ಅವನು ಆ ಹಾಡು ಕೇಳಿದ.